ವಾಪಸು ಬಂದ ಹೊರೆ

ಬುಧವಾರ ಹೊರಟ ಲಾರಿ ಶನಿವಾರ ಮಧ್ಯಾಹ್ನ ಹೊತ್ತ ಹೊರೆಯ ಸಮೇತ ದಕ್ಕೆಗೆ ವಾಪಸು ಬಂದಾಗ ಇಡ್ವಾಲ್ ದೋಣಿ ಕಟ್ಟುವುದನ್ನು ಬಿಟ್ಟು ಓಡಿ ಬಂದ. ವೇಲ್ಸ್‌ನ ಈ ಕಡಲಲ್ಲಿ ಅವನು ಬೆಳೆಸುವ ಕಪ್ಪೆಚಿಪ್ಪುಗಳನ್ನು ಸ್ವಂತ ದೇಶದಲ್ಲಿ ಮೂಸಿ ನೋಡುವವರಿಲ್ಲ. ಚಪ್ಪರಿಸಿ ತಿನ್ನುವವರೆಲ್ಲ ಹಾಲೆಂಡಿನವರು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಬುಧವಾರ ಅಲ್ಲಿಂದ ಡ್ರೈವರ್ ವೀಬ ಲಾರಿ ತರುತ್ತಿದ್ದ, ತುಂಬಿಕೊಂಡು ಹೋಗುತ್ತಿದ್ದ.

ವೀಬ ಸೊಂಟ ಹಿಡಿದುಕೊಂಡು ಕೆಳಗಿಳಿದ. "ಆಚೆ ದಡದಲ್ಲೇ ತಪಾಸಣೆಯವರು ತಡೆದರು ಮಾರಾಯ. ಹೊರಗಿನ ದೇಶದ್ದಾದ್ರೆ ಶುದ್ಧ ಮಾಡಿದ ಚಿಪ್ಪೇ ಬರಬೇಕಂತೆ."

"ಶುದ್ಧ ಮಾಡೋದು ನಿಮ್ಮೂರ ನೀರಲ್ಲಿ ತಾನೆ? ಯಾವಾಗ್ಲೂ ಹಂಗೇ ಅಲ್ವಾ?"

"ಯಾವಾಗ್ಲೂ ನೀವು ನಮ್ಮ ದೇಶಗಳ ಒಕ್ಕೂಟದ ಒಳಗಿದ್ರಿ. ಈಗ ಹೊರಗೆ."

ಶುದ್ಧ ನೀರಲ್ಲಿ ಬಿಟ್ಟು ಚಿಪ್ಪಿನ ಒಳಗಿನ ಕೊಳೆ ಹೋಗಿಸುವ ಆ ಕೆಲಸ ಇಲ್ಲೇ ಮಾಡೋಣವೆಂದರೆ ಅಷ್ಟು ದೊಡ್ಡ ತೊಟ್ಟಿ ಇಲ್ಲ. ಮಾಡಿದರೂ, ಒಮ್ಮೆ ಶುದ್ಧವಾದ ಚಿಪ್ಪು ಅಷ್ಟು ದೂರದ ದಾರಿಯಲ್ಲಿ ಬದುಕಿ ಉಳಿಯುವುದು ಕಷ್ಟ. ಇಬ್ಬರಿಗೂ ಇದು ಗೊತ್ತಿದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

"ಯಜಮಾನರು ಫೋನ್ ಮಾಡಿದ್ರು," ಎಂದ ವೀಬ. "ಮುಂದಿನ ವಾರದಿಂದ ನಾನು ಡೆನ್ಮಾರ್ಕ್ ಕಡೆಗೆ."

ವ್ಯಾಪಾರ ಹೋದದ್ದಕ್ಕಿಂತ ಈ ಮಾತೇ ಇಡ್ವಾಲ್‌ಗೆ ಹೆಚ್ಚು ನಾಟಿತು. ಹೆಂಡತಿ ನೆಸ್ಟಾ ತೀರಿಕೊಂಡ ಮೇಲೆ ಅವನ ಗುಡಿಸಲಿನ ಎರಡನೇ ಕುರ್ಚಿಯಲ್ಲಿ ಕೂತವನು ವೀಬ ಒಬ್ಬನೇ. ವಾರಕ್ಕೆ ಅರ್ಧ ಗಂಟೆ, ಎರಡು ಲೋಟ ಚಹಾ, ದ್ರಾಕ್ಷಿ ಬ್ರೆಡ್ಡು, ಒಂದಿಷ್ಟು ಬೈದಾಟ. ಉಳಿದ ದಿನಗಳೆಲ್ಲ ಅವನು ಮಾತಾಡುತ್ತಿದ್ದುದು ದೋಣಿಯ ಎಂಜಿನ್ನಿನ ಜೊತೆ. ಅದೂ ಬರೀ ಬೈಗುಳ.

ಇಬ್ಬರೂ ಹೊರೆ ಇಳಿಸಿ, ಕೂತು ಒಂದೊಂದೇ ಚಿಪ್ಪು ತಟ್ಟಿ ನೋಡತೊಡಗಿದರು. ತಟ್ಟಿದರೆ ಮುಚ್ಚಿಕೊಂಡದ್ದು ಬದುಕಿದೆ, ತೆರೆದೇ ಇದ್ದದ್ದು ಸತ್ತಿದೆ. ಸತ್ತವುಗಳ ಗುಡ್ಡೆಯೇ ದೊಡ್ಡದಾಗುತ್ತಿತ್ತು.

"ಇಡ್ವಾಲ್, ಒಕ್ಕೂಟದಲ್ಲಿ ಇರೋದೋ ಬಿಡೋದೋ ಅಂತ ವೋಟು ನಡೀತಲ್ಲ, ಆವತ್ತು ನಿಜವಾಗ್ಲೂ ಮಳೆ ಅಂತ ಹಾಕೋಕೆ ಹೋಗಲಿಲ್ವಾ?"

ಐದು ವರ್ಷದಿಂದ ಹೇಳಿಕೊಂಡು ಬಂದ ಸುಳ್ಳು ಅದು. ಇಡ್ವಾಲ್ ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟ.

"ಹೋಗಿದ್ದೆ. ಒಕ್ಕೂಟ ಬಿಡೋಣ ಅಂತಲೇ ಹಾಕ್ದೆ. ಹೊರಗಿನವರ ದೋಣಿ ನಮ್ಮ ನೀರಿಗೆ ಬರಲ್ಲ ಅಂದ್ರು, ನಂಬಿದೆ. ನಿನ್ನ ಲಾರೀನೂ ಬರಲ್ಲ ಅಂತ ಯಾರೂ ಹೇಳಲಿಲ್ಲ ಕಣೋ."

ವೀಬ ಬೈಯಬಹುದೆಂದು ಇಡ್ವಾಲ್ ಕಾದ. ಬೈದಿದ್ದರೆ ಹಗುರಾಗುತ್ತಿತ್ತು. ವೀಬ ಬದುಕಿದ್ದ ಚಿಪ್ಪುಗಳ ಚೀಲ ಎತ್ತಿ ದೋಣಿಗೆ ಹಾಕಿದ.

"ಮತ್ತೆ ನೀರಿಗೆ ಬಿಟ್ರೆ ಇವು ಬದುಕ್ತಾವಾ?"

"ಬದುಕ್ತಾವೆ. ಬಿದ್ದ ಕೂಡಲೇ ಮೈಯಿಂದ ನೂಲು ಬಿಟ್ಟು, ಪಕ್ಕದಲ್ಲಿ ಏನಿದ್ರೆ ಅದನ್ನ ಹಿಡ್ಕೊಳ್ತಾವೆ."

ವೀಬ ಹೊರಡಲೆಂದು ಕೈ ಚಾಚಿದ. ಇಡ್ವಾಲ್ ಹಿಡಿದ ಕೈಯನ್ನು ಬಿಡಲಿಲ್ಲ. ವೀಬನೇ ಒಂದೊಂದಾಗಿ ಬೆರಳು ಬಿಡಿಸಿಕೊಂಡು ಲಾರಿ ಹತ್ತಬೇಕಾಯಿತು.