ಆಯಮ್ಮ ಹೇಳಿದ್ದೇ ದಿಟ

ಮೂವತ್ತು ವರ್ಷ ಚಿನ್ನದ ಗಣಿಯಲ್ಲಿ ದುಡಿದ ಪಿಳ್ಳಪ್ಪನನ್ನು ಮಗಳು ರಜೆಗೆಂದು ಪರದೇಶಕ್ಕೆ ಕರೆತಂದು ಇಳಿಸಿದ್ದು ಮತ್ತೆ ನೆಲದಡಿಗೇ. ಯುದ್ಧಕಾಲದ ಸುರಂಗ ಅದು.

"ಇಲ್ಲೂ ಬಿಲಾನೇನಮ್ಮ?" ಎಂದು ಗೊಣಗುತ್ತಲೇ ಒಳಹೊಕ್ಕ.

ಸುರಂಗ ತೋರಿಸುತ್ತಿದ್ದ ಮುದುಕಿಯ ಮಾತನ್ನು ಮಗಳು ಕನ್ನಡದಲ್ಲಿ ಹೇಳುತ್ತ ಬಂದಳು. "ಅಗೆಯೋಕೆ ಗಣಿಯವರನ್ನೇ ಹಿಡ್ಕೊಂಡು ಬಂದಿದ್ರಂತೆ. ಬಾಂಬ್ ಬಿದ್ದು ಸುರಂಗದ ಬಾಯಿ ಮುಚ್ಚೋಯ್ತಂತೆ. ಯುದ್ಧ ಮುಗಿದ ಮೇಲೇ ತೆಗೆದಿದ್ದು. ಒಳಗಿದ್ದ ಒಂಬತ್ತು ಜನಾನೂ ಆ ಕ್ಷಣಕ್ಕೇ ಹೋಗ್ಬಿಟ್ರಂತೆ. ಅದರಲ್ಲಿ ಈಯಮ್ಮನ ಅಪ್ಪಾನೂ ಒಬ್ರು. ನರಳಲಿಲ್ವಲ್ಲ ಅನ್ನೋದೊಂದೇ ಇವರ ಮನೆಯೋರಿಗೆ ಸಮಾಧಾನ ಅಂತೆ."

ಪಿಳ್ಳಪ್ಪನ ಕೈ ಹಳೆಯ ಅಭ್ಯಾಸದಂತೆ ಗೋಡೆಯುದ್ದಕ್ಕೂ ಹೋಗಿದ್ದ ಗಾಳಿ ಪೈಪನ್ನು ಸವರುತ್ತಿತ್ತು. ಗಣಿ ಕುಸಿದರೆ ಒಳಗೆ ಸಿಕ್ಕಿಕೊಂಡವರು ಪಾಳಿಗೊಮ್ಮೆ ಪೈಪನ್ನು ಸುತ್ತಿಗೆಯಿಂದ ಬಡಿಯುತ್ತಿದ್ದರು, ಎಷ್ಟು ಜನ ಬದುಕಿದ್ದಾರೋ ಅಷ್ಟು ಏಟು. ಮೇಲಿನವರು ಅದನ್ನು ಎಣಿಸಿಕೊಂಡು ಅಗೆಯುತ್ತಿದ್ದರು.

ಅವನ ಬೆರಳು ತಟ್ಟನೆ ನಿಂತಿತು.

"ಅಪ್ಪಾ, ನೀನು ಗಣಿಯವನು ಅಂತ ನಾನೇ ಹೇಳ್ದೆ. ಅಲ್ಲೇನು ಕಾಣಿಸ್ತು ಅಂತ ಆಯಮ್ಮ ಕೇಳ್ತಾ ಇದಾರೆ."

ಪಿಳ್ಳಪ್ಪ ಮುದುಕಿಯ ಮುಖ ನೋಡಿದ.

"ಬರೀ ತುಕ್ಕು ಕಣಮ್ಮ. ಆಯಮ್ಮ ಹೇಳಿದ್ದೇ ದಿಟ ಅಂತ ಹೇಳು."

ಮುದುಕಿ ತಲೆಬಾಗಿ ಮುಂದೆ ನಡೆದಳು. ಪಿಳ್ಳಪ್ಪ ಹಿಂದೆ ಉಳಿದು ಪೈಪಿನ ಮೇಲೆ ಮತ್ತೆ ಬೆರಳಾಡಿಸಿದ. ಒಂಬತ್ತು ನೆಗ್ಗು, ಗೇಣು ಬಿಟ್ಟು ಮತ್ತೆ ಒಂಬತ್ತು, ಆಮೇಲೆ ಏಳು, ನಾಲ್ಕು, ಎರಡು. ಅಲ್ಲಿಂದಾಚೆಗೆ, ಪೈಪು ಮುಗಿಯುವವರೆಗೂ, ಗೇಣಿಗೊಂದು.