ಎಡಕ್ಕೆ ತಿರುಗಿದ ಕಾಗೆ

ಮರದ ಅಚ್ಚಿನ ಚಿತ್ರಗಳಿಗೆ ಹೆಸರಾಗಿದ್ದ ಮೇಷ್ಟ್ರು ಶಿಷ್ಯೆಯ ಪ್ರದರ್ಶನಕ್ಕೆ ಬಂದವರೇ ಮೂಗು ಮುರಿದರು. ಗೋಡೆಗಳು ಬರಿದಾಗಿದ್ದವು, ಮೇಜಿನ ತುಂಬ ಪಿಂಗಾಣಿ ತಟ್ಟೆಗಳು.

"ಹತ್ತು ವರ್ಷ ನನ್ನ ಹತ್ರ ಕಲಿತು, ಕೊನೆಗೆ ಪಾತ್ರೆ ಅಂಗಡಿ ಇಟ್ಯಾ? ಇದರ ಮೇಲೆ ಜನ ಚಿತ್ರಾನ್ನ ತಿಂತಾರೆ ಕಣಮ್ಮ!"

"ತಿನ್ನಲಿ ಬಿಡಿ ಸರ್. ಅಚ್ಚಿಗೆ ಬಣ್ಣ ಹಚ್ಚಿ ತೆಳು ಕಾಗದಕ್ಕೆ ಒತ್ತೋದು, ಆ ಕಾಗದಾನ ತಟ್ಟೆ ಮೇಲೆ ಬೋರಲು ಹಾಕೋದು, ಅಷ್ಟೇ."

ಅವರು ಒಂದು ತಟ್ಟೆ ಎತ್ತಿಕೊಂಡರು. ಎಡಕ್ಕೆ ಮುಖ ಮಾಡಿದ ಕಾಗೆಯೊಂದು ಅದರಲ್ಲಿತ್ತು.

"ಥೂ, ಏನು ಗೀರುಗಳಿವು! ಜನ್ಮದಲ್ಲಿ ಉಳಿ ಹಿಡಿಯದವರ ಕೆಲಸ. ಸಹಿ ಬೇರೆ ಉಲ್ಟಾ!"

"ಕಾಗದದಲ್ಲಿ ನೆಟ್ಟಗಿದ್ದದ್ದು ತಟ್ಟೆಗೆ ಬಂದಾಗ ತಿರುಗುತ್ತೆ ಸರ್. ಇದು ಹಳೇ ಅಚ್ಚು," ಎಂದು ಅವಳು ಕನ್ನಡಿ ಹಿಡಿದಳು.

ಕನ್ನಡಿಯಲ್ಲಿ ಕಾಗೆ ಬಲಕ್ಕೆ ತಿರುಗಿತು. ಮೇಷ್ಟ್ರಿಗೆ ಪ್ರಶಸ್ತಿ ತಂದುಕೊಟ್ಟ ಕಾಗೆ. ಕೆಳಗೆ ಅವರದೇ ಸಹಿ.

"ನನ್ನದಾ? ಗುರುತೇ ಸಿಗಲಿಲ್ಲವಲ್ಲ..."

"ಹೇಗೆ ಸಿಗುತ್ತೆ ಸರ್? ಅಚ್ಚಿನ ಮೇಲೆ ಕಾಗೆ ಎಡಕ್ಕೇ ನೋಡ್ತಿತ್ತು. ಮೂರು ತಿಂಗಳು ಅದರ ಮುಂದೆ ಕೂತು ಕೆತ್ತಿದ್ದು ನಾನಲ್ವಾ?"