ಹಗ್ಗ ಹಿಡಿದವರ ಪಾಲು

ದೊಡ್ಡ ಹಡಗುಗಳು ಕಡಲನ್ನೇ ಗುಡಿಸಿಕೊಂಡು ಹೋದ ಮೇಲೆ ಈ ದಡದವರು ಏನು ತಿನ್ನುತ್ತಾರೆಂದು ನೋಡಲು, ನೆರವು ಕೊಡುವ ಟ್ರಸ್ಟಿನ ಹನ್ನೆರಡು ಜನ ಬಂದಿಳಿದರು. ಫೋಟೋಕ್ಕೆಂದು ಎಲ್ಲರೂ ಒಂದು ಗಳಿಗೆ ಬಲೆಯ ಹಗ್ಗ ಹಿಡಿದರು. ಊರಿನ ಇಪ್ಪತ್ತು ಜನ ಬೆಳಗಿನಿಂದ ಎಳೆದ ಆ ಬಲೆಯಲ್ಲಿ ಸಿಕ್ಕಿದ್ದು ಹದಿನಾಲ್ಕೇ ಬಂಗಡೆ.

"ಹಗ್ಗ ಹಿಡಿದವ್ರಿಗೆಲ್ಲ ಪಾಲು ಕೊಡೋದು ನಮ್ಮ ಪದ್ಧತಿ," ಎಂದ ಬಲೆಯ ಯಜಮಾನ ಗೋಯ್ದಜ್ಜ. ಟ್ರಸ್ಟಿನವರು ಬೇಡವೆನ್ನುತ್ತಾರೆಂದೇ ನಂಬಿದ್ದ.

"ಇಷ್ಟು ತಾಜಾ ಮೀನು ಪೇಟೆಯಲ್ಲಿ ಎಲ್ಲಿ ಸಿಗ್ತದೆ," ಎನ್ನುತ್ತ ಹನ್ನೆರಡೂ ಜನ ಚೀಲ ಒಡ್ಡಿದರು.

ಉಳಿದ ಎರಡು ಮೀನು ಹಿಡಿದು ಅಜ್ಜ ಊರಿನ ಇಪ್ಪತ್ತು ಜನರತ್ತ ತಿರುಗಿದ. ಜೀಪು ಹತ್ತುತ್ತ ಟ್ರಸ್ಟಿನ ಮುಖ್ಯಸ್ಥೆ ಫೋನಿನಲ್ಲಿ ವರದಿ ಬರೆಸುತ್ತಿದ್ದಳು:

"ಇಲ್ಲಿ ಮೀನಿಗೇನೂ ಬರವಿಲ್ಲ. ಬಂದವರಿಗೆಲ್ಲ ಹಂಚುತ್ತಾರೆ. ನೆರವು ಬೇಕಿಲ್ಲ."